ದೊಡ್ಡ ಸ್ವಾಮಿಯವರ ಆಪಾದನೆಯೂ ನಮ್ಮ ವಿಶ್ವಾಸದ ಬೇರೂ



ನೂರು ವರ್ಷಗಳನ್ನು ಪೂರೈಸಿದ ದೇವಾಲಯದ ಅಂಗಳದಲ್ಲಿ ನಿಂತು, ನಡೆದುಬಂದ ದಾರಿಯನ್ನು ಹಿಂದಿರುಗಿ ನೋಡುವುದು ಆನಂದದ ಕಾರ್ಯವೇ ಸರಿ. ಈ ಸಂಚಿಕೆಯ ಇತರ ಪುಟಗಳಲ್ಲಿ ಕಟ್ಟಡದ ಕಥೆ, ಸೇವೆ ಸಲ್ಲಿಸಿದ ಗುರುಗಳ ಹಾಗೂ ಕನ್ಯಾಸ್ತ್ರೀಯರ ನೆನಪು, ದಾನಿಗಳ ಪಟ್ಟಿ ಇವೆಲ್ಲವೂ ನಿಮಗೆ ದೊರೆಯುತ್ತವೆ. ಅವನ್ನೇ ಮತ್ತೆ ಬರೆಯಲು ನಾವು ಹೊರಟಿಲ್ಲ. ಕಟ್ಟಡದ ವಯಸ್ಸನ್ನು ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಬಹುದು. ಆ ಬಾಗಿಲಿನಿಂದ ಒಳಗೆ ಬಂದು ಹೊರಗೆ ಹೋದವರ ವಿಶ್ವಾಸ ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ಯಾವ ಕಲ್ಲಿನಲ್ಲಿ ಕೆತ್ತುವುದು? ಈ ಪ್ರಶ್ನೆಯನ್ನು ಇನ್ನೂರು ವರ್ಷಗಳ ಹಿಂದೆಯೇ, ಅದೂ ಬಹು ಕಟುವಾಗಿ, ಕೇಳಿದ ಗುರುವೊಬ್ಬರು ನಮ್ಮ ಈ ಮೈಸೂರು ಸೀಮೆಯಲ್ಲಿ ಇದ್ದರು. ಹಬ್ಬದ ದಿನ ಅಂತಹ ಮಾತನ್ನು ನೆನೆಯುವುದು ಸರಿಯೇ ಎಂದು ಕೆಲವರಿಗೆ ತೋರಬಹುದು. ಹಬ್ಬದ ದಿನವೇ ಅದನ್ನು ನೆನೆಯಬೇಕೆಂಬುದು ನಮ್ಮ ಅಭಿಪ್ರಾಯ.

ಕಡಬದ ಮಣ್ಣಿನಲ್ಲಿ

ನಾವಿರುವ ಕಡಬ ಇಂದು ನಿನ್ನೆಯ ಊರಲ್ಲ. ಶಿಂಷಾ ನದಿಯ ನೀರು ತುಂಬುವ ದೊಡ್ಡ ಕೆರೆಯ ಬದಿಯ ಈ ಊರನ್ನು ಇತಿಹಾಸ ಬಲ್ಲವರು ಒಂದು ತಾಮ್ರಶಾಸನದಿಂದ ಗುರುತಿಸುತ್ತಾರೆ. ಶಕವರ್ಷ 735 ರ, ಅಂದರೆ ಕ್ರಿ. ಶ. 812 ರ ಸುಮಾರಿನ ಕಾಲವನ್ನು ಹೇಳುವ, ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಹೆಸರಿನ ಆ ಶಾಸನದ ಸಾರಾಂಶವಿಷ್ಟು: ಕುನುಂಗಿಲ್ ದೇಶವನ್ನು, ಅಂದರೆ ಇಂದಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಯ ಪೀಡೆಯಿತ್ತು, ಅರ್ಕಕೀರ್ತಿಯೆಂಬ ಜೈನಮುನಿಗಳು ಅದನ್ನು ನಿವಾರಿಸಿದರು, ಅದಕ್ಕೆ ಪ್ರತಿಯಾಗಿ, ಚಾಕಿರಾಜನ ಬಿನ್ನಹದ ಮೇರೆಗೆ, ಜಾಲಮಂಗಲವೆಂಬ ಗ್ರಾಮವನ್ನು ಜಿನಾಲಯಕ್ಕೆ ದಾನವಾಗಿ ಕೊಡಲಾಯಿತು.

ಕಷ್ಟ ಬಂತು, ಪರಿಹಾರ ದೊರೆಯಿತು, ಕಾಣಿಕೆ ಸಂದಿತು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಈ ಮಾತು ನಮಗೇನು ಹೊಸದೇ? ಸಂತ ಅಂತೋಣಿಯವರ ಸ್ವರೂಪದ ಮುಂದೆ ಮಂಗಳವಾರದಂದು ಉರಿಯುವ ಮೇಣದ ಬತ್ತಿಗಳೂ ಬಹುಮಟ್ಟಿಗೆ ಇದನ್ನೇ ಹೇಳುತ್ತವೆ. ಮಗನಿಗೆ ಕೆಲಸವಾಗಲಿ, ಮಗಳಿಗೆ ಮದುವೆ ಕೂಡಿಬರಲಿ, ಕೊಳವೆ ಬಾವಿಯಲ್ಲಿ ನೀರು ಸಿಗಲಿ. ಹೀಗೆ ಬೇಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಪ್ರಭು ಯೇಸುವಿನ ಬಳಿಗೆ ಬಂದವರಲ್ಲಿ ಹೆಚ್ಚಿನವರು ಯಾವುದೋ ನೋವು ಹೊತ್ತುಕೊಂಡೇ ಬಂದವರು. ಆದರೆ ಗುಣ ಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಒಬ್ಬನೇ ಎಂದು ಸಂತ ಲೂಕರು ಬರೆದಿಟ್ಟಿದ್ದಾರೆ. ಕಷ್ಟ ತೀರಿದ ಬಳಿಕ ನಮ್ಮ ವಿಶ್ವಾಸದಲ್ಲಿ ಉಳಿಯುವುದೇನು? ಕಷ್ಟ ತೀರದೇ ಹೋದರೆ ಉಳಿಯುವುದೇನು?

ನಮ್ಮ ಸೀಮೆಯ ರೈತರಿಗೆ ಬಿತ್ತುವವನ ಸಾಮತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಬಿದ್ದ ರಾಗಿ ಮೊದಲ ಹದಮಳೆಗೆ ಎಲ್ಲಕ್ಕಿಂತ ಮುಂಚೆಯೇ ಮೊಳೆಯುತ್ತದೆ. ಹಸಿರೂ ಚೆನ್ನಾಗಿಯೇ ಕಾಣುತ್ತದೆ. ಹದಿನೈದು ದಿನ ಮಳೆ ಹಿಂದೆಗೆದರೆ ಮೊದಲು ಒಣಗುವುದೂ ಅದೇ. ಅಲ್ಲಿ ಕೊರತೆಯಿರುವುದು ಬೀಜದಲ್ಲಲ್ಲ, ಮಳೆಯಲ್ಲೂ ಅಲ್ಲ, ಆಳದಲ್ಲಿ.

ಫ್ರಾನ್ಸಿನಿಂದ ಬಂದ ದೊಡ್ಡ ಸ್ವಾಮಿಯವರು

ಮೇಲೆ ಹೇಳಿದ ಗುರುಗಳ ಹೆಸರು ಅಬ್ಬೆ ಜಾನ್ ಅಂತ್ವಾನ್ ದ್ಯುಬುವಾ. ಅವರು ಫ್ರಾನ್ಸಿನ ದಕ್ಷಿಣ ಭಾಗದವರು; ಪ್ಯಾರಿಸ್ ವಿದೇಶ ಮಿಷನ್ನಿಗೆ ಸೇರಿದವರು. 1792 ರಲ್ಲಿ ಗುರುದೀಕ್ಷೆ ಪಡೆದು, ಆ ವರ್ಷವೇ ಭಾರತಕ್ಕೆ ಹೊರಟರು. ಅವರ ದೇಶದಲ್ಲಿ ಅದು ಮಹಾಕ್ರಾಂತಿಯ ಕಾಲ. 1799 ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಅವರು ಮೈಸೂರು ಸೀಮೆಗೆ ಬಂದು, ಇಲ್ಲಿ ಚದರಿಹೋಗಿದ್ದ ಕ್ರೈಸ್ತ ಜನರನ್ನು ಒಟ್ಟುಗೂಡಿಸುವ ಭಾರವನ್ನು ಹೊತ್ತರು. ನಮ್ಮವರಂತೆಯೇ ಉಡುಪು ತೊಟ್ಟು, ನಮ್ಮವರ ಊಟವನ್ನೇ ಉಂಡು, ಹಳ್ಳಿಯಿಂದ ಹಳ್ಳಿಗೆ ಅಲೆದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು; ಆ ಹೆಸರು ಅವರು ಹೊರಟುಹೋದ ಎಷ್ಟೋ ವರ್ಷಗಳ ಮೇಲೂ ಹಾಸನ, ಮೈಸೂರು ಕಡೆಯ ಹಿರಿಯರ ಬಾಯಲ್ಲಿತ್ತು.

ಅವರು ಬರುವುದಕ್ಕೆ ಮುನ್ನವೇ ಇಲ್ಲಿ ಬಿತ್ತನೆ ನಡೆದಿತ್ತು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು 1649 ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಪುಸ್ತಕವನ್ನು ಬರೆದರು. ವ್ಯಾಕರಣ, ನಿಘಂಟುಗಳನ್ನೂ ಸಿದ್ಧಪಡಿಸಿದರು. ಆದರೆ ಮುಂದಿನ ಶತಮಾನದಲ್ಲಿ ಪೆಟ್ಟಿನ ಮೇಲೆ ಪೆಟ್ಟು ಬಿತ್ತು. 1773 ರಲ್ಲಿ ಜಗದ್ಗುರುಗಳ ಆಜ್ಞೆಯಿಂದ ಯೇಸುಸಭೆಯೇ ವಿಸರ್ಜನೆಯಾಯಿತು. ಗುರುಗಳು ವಿರಳವಾದರು. 1784 ರಲ್ಲಿ ಕೆನರಾ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಟಿಪ್ಪು ಸುಲ್ತಾನರ ಆಜ್ಞೆಯಂತೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅನೇಕರು ಬಲವಂತದಿಂದ ಮತಾಂತರಗೊಂಡರು. ದ್ಯುಬುವಾ ಸ್ವಾಮಿಗಳು ಕಾಲಿಟ್ಟದ್ದು ಇಂತಹ ಹೊಲಕ್ಕೆ.

ಅವರು ಮಾಡಿದ ಕೆಲಸ ಅಲ್ಪವಲ್ಲ. ಮತಾಂತರಗೊಂಡವರಲ್ಲಿ ಅನೇಕರನ್ನು ಮತ್ತೆ ಧರ್ಮಸಭೆಗೆ ಬರಮಾಡಿಕೊಂಡರು. ಹಾಸನದ ಸಮೀಪ ಸಾತಳ್ಳಿಯಲ್ಲಿ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆಯನ್ನು ಏರ್ಪಡಿಸಿದರು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802 ರಲ್ಲಿ. ಅದಾದ ಒಂದೆರಡು ವರ್ಷಗಳಲ್ಲಿಯೇ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಮಿಕ್ಕಿದ ಜನರಿಗೆ ಅದನ್ನು ಹಾಕಿಸುವ ಕಾರ್ಯದಲ್ಲಿ ಅವರ ಕೈಯಿತ್ತು. ಈ ನಾಡಿನ ಜನರ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥ 1816 ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಜಗತ್ತಿನಾದ್ಯಂತ ಹೆಸರಾಯಿತು.

ಆದರೂ 1823 ರ ಜನವರಿಯಲ್ಲಿ ಹಡಗು ಹತ್ತಿದ ದ್ಯುಬುವಾ ಸ್ವಾಮಿಗಳು ಭಗ್ನಹೃದಯರಾಗಿದ್ದರು. ಭಾರತದಲ್ಲಿನ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದವು.

ಆಪಾದನೆ ಏನು?

ಆ ಪತ್ರಗಳ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಇಷ್ಟು ವರ್ಷ ಬೆವರು ಸುರಿಸಿ ತಾವು ಹೊಸದಾಗಿ ಧರ್ಮಸಭೆಗೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ ಎಂದು ಅವರು ಲೆಕ್ಕ ಕೊಡುತ್ತಾರೆ. ಅವರಲ್ಲಿ ಹೆಚ್ಚಿನವರು ಬಡವರು, ನೆಲೆಯಿಲ್ಲದವರು, ತಮ್ಮ ಜಾತಿಯಿಂದ ಹೊರಬಿದ್ದವರು. ಮದುವೆಗಾಗಿಯೋ ನೆರವಿಗಾಗಿಯೋ ಬಂದು, ಅದು ದೊರೆಯದಾಗ ಹಿಂದಿರುಗಿದವರೂ ಉಂಟು ಎನ್ನುತ್ತಾರೆ. ನಿಜವಾದ ಮನಗಾಣ್ಕೆಯಿಂದ, ಯಾವ ಲಾಭದ ಆಸೆಯೂ ಇಲ್ಲದೆ ಬಂದವರೆಂದು ಹೇಳಬಹುದಾದ ಒಬ್ಬನನ್ನೂ ತಾವು ನೆನೆಯಲಾರೆವೆಂಬುದು ಅವರ ಕೊನೆಯ ತೀರ್ಪು.

ಹಳೆಯ ಕ್ರೈಸ್ತರ ಬಗೆಗೂ ಅವರಿಗೆ ಅಸಮಾಧಾನವಿತ್ತು. ಒಳನಾಡಿನ ಹಬ್ಬದ ಮೆರವಣಿಗೆಯೊಂದರ ಚಿತ್ರವನ್ನು ಅವರು ಕೊಡುತ್ತಾರೆ. ರಾತ್ರಿಯ ಹೊತ್ತು, ನೂರಾರು ತಮಟೆಗಳು, ಕಹಳೆಗಳು, ಪಂಜುಗಳು, ಬಾಣಬಿರುಸು, ಹೂವಿನ ಹಾರಗಳಿಂದ ತುಂಬಿದ ತೇರಿನ ಮೇಲೆ ಸಂತರ ಸ್ವರೂಪ, ಮುಂದೆ ಕೋಲಾಟ, ಕತ್ತಿವರಸೆ, ಕುಸ್ತಿ, ಎಲ್ಲರೂ ಕೂಗುವವರು, ಹರಟುವವರು, ಭಕ್ತಿಯ ಸುಳಿವು ಮಾತ್ರ ಯಾರ ಮುಖದಲ್ಲಿಯೂ ಇಲ್ಲ. ಇದನ್ನು ಓದಿದಾಗ ನಮಗೆ ಮೊದಲು ಕೋಪ ಬಂತು. ಆ ಬಳಿಕ ನಾಚಿಕೆಯಾಯಿತು. ನಮ್ಮ ಹಬ್ಬಗಳಲ್ಲಿ ತಮಟೆಯ ಸ್ಥಾನಕ್ಕೆ ಧ್ವನಿವರ್ಧಕ ಬಂದಿದೆ, ಪಂಜಿನ ಸ್ಥಾನಕ್ಕೆ ವಿದ್ಯುದ್ದೀಪದ ಸರ ಬಂದಿದೆ. ತೇರಿನ ಹಿಂದೆ ಹೆಗಲಿಗೆ ಹೆಗಲು ತಾಗುವಷ್ಟು ಜನ; ಮುಂದಿನ ಭಾನುವಾರದ ಪೂಜೆಗೆ ಅರ್ಧ ಬೆಂಚು ಖಾಲಿ. ಇದನ್ನು ಕಾಣದ ವಿಚಾರಣಾ ಗುರು ಯಾವ ಊರಿನಲ್ಲಿದ್ದಾರೆ?

ಇನ್ನೊಂದು ಆಪಾದನೆ ಮತ್ತೂ ಭಾರವಾದದ್ದು. ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಅಷ್ಟು ಸಾವಿರ ಜನರಲ್ಲಿ, ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವನು ಒಬ್ಬನೂ ಇರಲಿಲ್ಲವೆಂದು ಅವರು ಬರೆದರು.

ಆಪಾದನೆಗೆ ಉತ್ತರವುಂಟೇ?

ಪತ್ರಗಳು ಹೊರಬಿದ್ದೊಡನೆ ಪ್ರೊಟೆಸ್ಟಂಟ್ ಪಾದ್ರಿಗಳಾದ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಇವರು 1824 ರಲ್ಲಿ ಖಂಡನೆಯ ಪುಸ್ತಕಗಳನ್ನೇ ಬರೆದರು. ಆ ವಾದವಿವಾದ ನಮಗೆ ಇಲ್ಲಿ ಬೇಡ. ಪುಸ್ತಕಕ್ಕೆ ಪುಸ್ತಕ ಉತ್ತರವಾಗಬಹುದು; ಜೀವನದ ಮೇಲಿನ ಆಪಾದನೆಗೆ ಜೀವನವೇ ಉತ್ತರವಾಗಬೇಕು. ಇನ್ನೂರು ವರ್ಷಗಳು ಕೊಟ್ಟ ಉತ್ತರವನ್ನು ನೋಡೋಣ.

ಮೊದಲನೆಯದಾಗಿ, ಸೆರೆಯಲ್ಲಿದ್ದವರ ವಿಷಯ. ಹದಿನೈದು ವರ್ಷಗಳ ಕಾಲ ಗುರುವಿಲ್ಲ, ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ದೇವಾಲಯವಿಲ್ಲ. ಅನೇಕರು ಅಲ್ಲಿಯೇ ಮಡಿದರು. 1799 ರಲ್ಲಿ ಬಿಡುಗಡೆಯಾದಾಗ, ಬದುಕಿ ಉಳಿದವರಲ್ಲಿ ಹೆಚ್ಚಿನವರು ಮಾಡಿದ್ದೇನು? ಕಾಲ್ನಡಿಗೆಯಲ್ಲಿ ಘಟ್ಟವಿಳಿದು ಊರು ಸೇರಿ, ಕೆಡವಲ್ಪಟ್ಟಿದ್ದ ದೇವಾಲಯಗಳನ್ನು ಮತ್ತೆ ಕಟ್ಟಿದರು. ಮೈಸೂರು ಸೀಮೆಯಲ್ಲಿಯೇ ನಿಂತವರು ದ್ಯುಬುವಾ ಸ್ವಾಮಿಗಳ ಬಳಿಗೇ ಬಂದರು. ಬೇಸಗೆಯಲ್ಲಿ ಬೆಂಕಿ ಬಿದ್ದ ಬಯಲನ್ನು ಕಂಡವನು ಇಲ್ಲಿ ಹುಲ್ಲೇ ಇಲ್ಲವೆಂದು ಹೇಳಿಯಾನು. ಒಂದು ಮಳೆ ಬಿದ್ದರೆ ಗರಿಕೆ ತಾನಾಗಿ ಚಿಗುರುತ್ತದೆ. ಹುತಾತ್ಮರನ್ನು ಹುಡುಕಿದ ಸ್ವಾಮಿಗಳು, ಹಿಂದಿರುಗಿ ಬಂದವರ ಕಣ್ಣೀರನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದೇ ನಮಗೆ ತೋರುತ್ತದೆ. ಪ್ರಭುವನ್ನು ಮೂರು ಸಾರಿ ಅಲ್ಲಗಳೆದವನ ಮೇಲೆಯೇ ಧರ್ಮಸಭೆ ಕಟ್ಟಲ್ಪಟ್ಟಿತೆಂಬುದನ್ನು ಮರೆಯಬಾರದು.

ಎರಡನೆಯದಾಗಿ, ಲಾಭಕ್ಕಾಗಿ ಬಂದವರೆಂಬ ಮಾತು. ಈ ಮಾತು 1876 ರಿಂದ 1878 ರ ಮಹಾಕ್ಷಾಮದ ತರುವಾಯ ಇನ್ನೂ ಬಲವಾಗಿ ಕೇಳಿಬಂತು. ಆ ಕ್ಷಾಮ ಎಷ್ಟು ಘೋರವಾಗಿತ್ತೆಂದರೆ, 1871 ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881 ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ಅನಾಥ ಮಕ್ಕಳನ್ನು ಮಿಷನ್ನಿನವರು ಸಾಕಿದರು. ಅವರಿಗಾಗಿ ನೆಲಮಂಗಲ ಸೀಮೆಯ ಸಿಲುವೇಪುರದಂತಹ ಬೇಸಾಯದ ನೆಲೆಗಳು ಹುಟ್ಟಿದವು. ಅಲ್ಲಿ ಬೆಳೆದವರನ್ನು ಗಂಜಿಗಾಗಿ ಕ್ರೈಸ್ತರಾದವರೆಂದು ಹಂಗಿಸಿದವರುಂಟು.

ಗಂಜಿಗಾಗಿ ಬಂದದ್ದು ಅವಮಾನವೇ? ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿರಿ. ಐದು ಸಾವಿರ ಜನರಿಗೆ ಪ್ರಭು ಮೊದಲು ಊಟ ಕೊಟ್ಟರು. ಅವರ ವಿಶ್ವಾಸವನ್ನು ಪರೀಕ್ಷಿಸಿದ ಬಳಿಕ ಕೊಟ್ಟವರಲ್ಲ. ಮರುದಿನ ಜನ ಹುಡುಕಿಕೊಂಡು ಬಂದಾಗ, ಹೊಟ್ಟೆ ತುಂಬಿದ್ದರಿಂದ ಬಂದಿರೆಂದು ನೇರವಾಗಿಯೇ ನುಡಿದರು; ಆದರೆ ಅಲ್ಲಿಗೇ ಬಿಟ್ಟು ಕಳುಹಿಸದೆ, ಅಳಿಯದ ರೊಟ್ಟಿಯ ಕಡೆಗೆ ಅವರನ್ನು ಕರೆದರು. ಮಾತು ಕಠಿಣವಾಯಿತೆಂದು ಅನೇಕರು ಬಿಟ್ಟುಹೋದರು. ಪೇತ್ರ ಮತ್ತು ಕೆಲವರು ಉಳಿದರು. ರೊಟ್ಟಿಗಾಗಿ ಬರುವುದು ವಿಶ್ವಾಸದ ಹೊಸ್ತಿಲು. ರೊಟ್ಟಿ ತೀರಿದ ಬಳಿಕವೂ ಉಳಿಯುವುದು ವಿಶ್ವಾಸದ ಮನೆ. ಹೊಸ್ತಿಲಲ್ಲಿ ನಿಂತವರನ್ನು ಕಂಡು ದ್ಯುಬುವಾ ಸ್ವಾಮಿಗಳು ನಿರಾಶರಾದರು. ಅವರನ್ನು ಒಳಗೆ ಕರೆದೊಯ್ಯಲು ಒಬ್ಬ ಗುರುವಿನ ಒಂದು ಜೀವಮಾನ ಸಾಲದು. ಅದಕ್ಕೆ ತಲೆಮಾರುಗಳೇ ಬೇಕು.

ಲಾಭದ ಮಾತಿಗೆ ನಮ್ಮ ಕಾಲದಲ್ಲಿ ಇನ್ನೊಂದು ಉತ್ತರವೂ ಇದೆ. 1950 ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತಧರ್ಮವನ್ನು ಒಪ್ಪಿಕೊಂಡವರಿಗೆ ಪರಿಶಿಷ್ಟ ಜಾತಿಯ ಮಾನ್ಯತೆಯಿಲ್ಲ. ಮುಂದೆ 1956 ರಲ್ಲಿ ಸಿಖ್ಖರಿಗೂ 1990 ರಲ್ಲಿ ಬೌದ್ಧರಿಗೂ ಅದು ದೊರೆತರೂ, ಕ್ರೈಸ್ತರಾದ ದಲಿತ ಸಹೋದರರಿಗೆ ದೊರೆತಿಲ್ಲ. ಹೀಗಿರುವಾಗ, ಅವರು ಮಗುವನ್ನು ಜ್ಞಾನಸ್ನಾನದ ತೊಟ್ಟಿಯ ಬಳಿಗೆ ತರುವುದು ಲಾಭಕ್ಕಾಗಿಯಲ್ಲ, ನಷ್ಟವನ್ನು ತಿಳಿದೇ. ದೇವಾಲಯದ ದಾಖಲೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಸಂಕಟಪಡುವವರೂ ಇದ್ದಾರೆ. ಅವರ ಮೇಲೆ ತೀರ್ಪು ಕೊಡುವ ಧೈರ್ಯ ನಮಗಿಲ್ಲ. ಆದರೆ ಎಲ್ಲವನ್ನೂ ತಿಳಿದು, ಒಂದೇ ಹೆಸರನ್ನು ಎರಡೂ ಕಡೆ ಬರೆಸಿದ ತಂದೆತಾಯಿಗಳನ್ನು ದೊಡ್ಡ ಸ್ವಾಮಿಯವರು ಕಂಡಿದ್ದರೆ, ಆ ತೀರ್ಪನ್ನು ಬರೆಯುವ ಮುನ್ನ ಲೇಖನಿಯನ್ನು ಕೆಳಗಿಡುತ್ತಿದ್ದರೆಂದು ನಂಬುತ್ತೇವೆ.

ಮೂರನೆಯದು ನಮ್ಮ ಗುಬ್ಬಿಯದೇ ಉದಾಹರಣೆ. ಅದು ನಮ್ಮ ಪಂಗಡದ್ದಲ್ಲ; ಆದರೂ ಹೇಳುವುದು ನ್ಯಾಯ. 1837 ರಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ಕೆಲಸವನ್ನಾರಂಭಿಸಿದರು. ಅವರ ಹಿರಿಯರಲ್ಲೊಬ್ಬರಾದ ಥಾಮಸ್ ಹಾಡ್ಸನ್ 1877 ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದು ರಾಜರ ಕಥೆಯಲ್ಲ, ಪಂಡಿತರ ಕಥೆಯೂ ಅಲ್ಲ. ಗುಬ್ಬಿ ಸೀಮೆಯ ಒಬ್ಬ ಹಳ್ಳಿಗನ ಕಥೆ. ಹೆಸರು ‘ಓಲ್ಡ್ ಡೇನಿಯಲ್’, ಅಂದರೆ ಮುದುಕ ದಾನಿಯೇಲ. ದೊಡ್ಡ ಸ್ವಾಮಿಯವರಿಗೆ ನೆನಪಿಗೆ ಬಾರದ ಆ ಒಬ್ಬನಂತಹವನನ್ನು, ಅರ್ಧ ಶತಮಾನದ ಬಳಿಕ, ನಮ್ಮ ಹೊಲಗದ್ದೆಗಳ ನಡುವೆಯೇ ಇನ್ನೊಬ್ಬ ಮಿಷನರಿ ಕಂಡನು.

ಆಳ ಹೇಗೆ ಬಂತು?

ಹಾಗಾದರೆ ದ್ಯುಬುವಾ ಸ್ವಾಮಿಗಳು ಹೇಳಿದ್ದೆಲ್ಲ ಸುಳ್ಳೇ? ಹಾಗೆಂದು ಸಮಾಧಾನಪಟ್ಟುಕೊಳ್ಳುವುದು ಸುಲಭ, ಆದರೆ ಸರಿಯಲ್ಲ. ಅವರು ಕಂಡ ತೆಳು ಮಣ್ಣು ನಿಜವಾಗಿಯೂ ತೆಳುವೇ ಆಗಿತ್ತು. ಅದು ಮುಂದೆ ಆಳವಾದದ್ದು ಗದರಿಕೆಯಿಂದಲ್ಲ. ನೆಲೆಯೂರಿ ಕಲಿಸಿದವರಿಂದ, ಜನರ ಮಾತಿನಲ್ಲಿ ಕಲಿಸಿದುದರಿಂದ, ಕಲಿಸಿದ್ದನ್ನು ಸೇವೆಯಲ್ಲಿ ತೋರಿಸಿದುದರಿಂದ.

1850 ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತವಾಗಿ, ಶಾರ್ಬೊನೊ ಸ್ವಾಮಿಗಳು ಅದರ ಮೊದಲ ಧರ್ಮಾಧ್ಯಕ್ಷರಾದರು. 1886 ರಲ್ಲಿ ಅದು ಪೂರ್ಣ ಧರ್ಮಪ್ರಾಂತವಾಯಿತು. 1940 ರಲ್ಲಿ ಬೆಂಗಳೂರು ಬೇರೆಯಾಯಿತು. 1953 ರಲ್ಲಿ ಅದು ಮಹಾಧರ್ಮಪ್ರಾಂತವಾಯಿತು. ತುಮಕೂರು ಸೀಮೆ ಅದರ ಭಾಗ. ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದದ್ದು 1854 ರಲ್ಲಿ; ಅವರ ಸೇಂಟ್ ಮಾರ್ತಾ ಆಸ್ಪತ್ರೆ 1886 ರಲ್ಲಿ ಆರಂಭವಾಯಿತು. ಈ ತಾರೀಖುಗಳು ಚರಿತ್ರೆಯಲ್ಲಿ ಉಳಿದಿವೆ. ಆದರೆ ಹಳ್ಳಿಹಳ್ಳಿಗಳಲ್ಲಿ ಗುರುಗಳು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ ಕಾಲದಲ್ಲಿ, ಉಳಿದ ದಿನಗಳಲ್ಲೆಲ್ಲ ಸಂಜೆ ದೀಪ ಹಚ್ಚಿ ಮಕ್ಕಳನ್ನು ಕೂಡಿಸಿ ಜಪ ಹೇಳಿಸಿದ ಉಪದೇಶಿಗಳ ಹೆಸರು ಎಲ್ಲಿಯೂ ಅಚ್ಚಾಗಿಲ್ಲ. ಓದು ಬಾರದಿದ್ದರೂ ಮೊಮ್ಮಕ್ಕಳ ಬೆರಳು ಹಿಡಿದು ಶಿಲುಬೆಯ ಗುರುತು ಕಲಿಸಿದ ಅಜ್ಜಿಯರ ಹೆಸರೂ ಇಲ್ಲ. ಈ ಶತಮಾನೋತ್ಸವದ ಮೊದಲ ಹಾರ ಅವರಿಗೆ ಸಲ್ಲಬೇಕು.

ಭಾಷೆಯ ವಿಷಯವನ್ನೂ ಹೇಳಬೇಕು. ಚಿನ್ನಾಮಿಯವರು ಕನ್ನಡದಲ್ಲಿ ಉಪದೇಶಿಸಿದರೂ, ಬಲಿಪೂಜೆ ಮಾತ್ರ ಇನ್ನೂ ಮುನ್ನೂರು ವರ್ಷ ಲ್ಯಾಟಿನ್ನಿನಲ್ಲಿಯೇ ನಡೆಯಿತು. 1963 ರ ಡಿಸೆಂಬರ್ 4 ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಕುರಿತ ನಿರ್ಣಯವನ್ನು ಹೊರಡಿಸಿತು. ಅದರಿಂದ ನಮ್ಮ ಬಲಿಪೀಠದ ಮೇಲೆ ಕನ್ನಡ ಕೇಳಿಸುವಂತಾಯಿತು. ಪೂಜೆ ಮುಗಿಯುವವರೆಗೂ ತಲೆ ಬಾಗಿಸಿ ಜಪಸರ ಎಣಿಸುತ್ತಿದ್ದ ನಮ್ಮ ಹಿರಿಯರು, ದೇವರ ವಾಕ್ಯವನ್ನು ತಮ್ಮ ಮನೆಯ ಮಾತಿನಲ್ಲಿ ಮೊದಲ ಬಾರಿಗೆ ಕೇಳಿದಾಗ ಕಣ್ಣೊರೆಸಿಕೊಂಡುದನ್ನು ಹೇಳುತ್ತಿದ್ದರು. 1964 ರ ನವೆಂಬರ್ 21 ರಂದು ಅದೇ ಮಹಾಸಭೆ ಧರ್ಮಸಭೆಯ ಕುರಿತು ಹೊರಡಿಸಿದ ಸಂವಿಧಾನದ ಐದನೆಯ ಅಧ್ಯಾಯದಲ್ಲಿ, ಪವಿತ್ರತೆಯ ಕರೆ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರವಲ್ಲ, ಜ್ಞಾನಸ್ನಾನ ಪಡೆದ ಎಲ್ಲರಿಗೂ ಇದೆಯೆಂದು ಸ್ಪಷ್ಟಪಡಿಸಿತು. ಉಳುವವನಿಗೂ, ಗಾರೆ ಕೆಲಸದವನಿಗೂ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳಿಗೂ ಇದು ಅನ್ವಯಿಸುತ್ತದೆ. ಆಳವಾದ ವಿಶ್ವಾಸ ಸ್ವಾಮಿಗಳ ಕೆಲಸ, ನಮಗೆ ಹಬ್ಬ ಸಾಕು ಎನ್ನುವ ಮಾತಿಗೆ ಅಂದಿನಿಂದ ಯಾವ ಆಧಾರವೂ ಉಳಿದಿಲ್ಲ.

ಇನ್ನೂ ತೆಳುವಾಗಿರುವ ಮಣ್ಣು

ಆದರೂ ನಮ್ಮ ಹೊಲದ ಎಲ್ಲ ಭಾಗವೂ ಆಳವಾಯಿತೆಂದು ಹೇಳಲಾರೆವು. ಮಾತು ಜಾತಿಯ ಕಡೆಗೆ ತಿರುಗಲೇಬೇಕು. ನಮ್ಮವರ ವಿಶ್ವಾಸ ತೆಳುವೆಂದು ನೊಂದ ದ್ಯುಬುವಾ ಸ್ವಾಮಿಗಳೇ, ಜಾತಿಯ ಕಟ್ಟು ಈ ದೇಶವನ್ನು ಕಾಪಾಡಿದ ವ್ಯವಸ್ಥೆಯೆಂದು ತಮ್ಮ ಗ್ರಂಥದಲ್ಲಿ ಹೊಗಳಿದರು. ಇದು ಅವರ ದೊಡ್ಡ ಕುರುಡು. ಕ್ರಿಸ್ತನಲ್ಲಿ ಮೇಲು ಕೀಳಿಲ್ಲವೆಂದು ಸಂತ ಪೌಲರು ಗಲಾತ್ಯದವರಿಗೆ ಬರೆದದ್ದನ್ನು ಬಲಿಪೀಠದಿಂದ ಓದುತ್ತೇವೆ. ಮಗನಿಗೆ ಹೆಣ್ಣು ನೋಡಲು ಹೊರಟಾಗ ಅದನ್ನು ದೇವಾಲಯದಲ್ಲಿಯೇ ಬಿಟ್ಟು ಹೋಗುತ್ತೇವೆ. ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದವರು ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯಲು ಹಿಂಜರಿದರೆ, ನೂರು ವರ್ಷದ ಗೋಡೆಗಳು ಏನು ಸಾಕ್ಷಿ ಹೇಳಿಯಾವು?

2020 ರ ಮಾರ್ಚಿಯಲ್ಲಿ ಕರೋನಾ ವ್ಯಾಧಿಯಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದುದನ್ನು ನೀವೆಲ್ಲ ಬಲ್ಲಿರಿ. ಆ ವರ್ಷದ ಪವಿತ್ರ ವಾರ ಜನರಿಲ್ಲದೆ ಕಳೆಯಿತು. ಏಪ್ರಿಲ್ 12 ರ ಪಾಸ್ಖ ಹಬ್ಬದಂದು ಖಾಲಿ ಬೆಂಚುಗಳ ಮುಂದೆ ನಿಂತು ಪೂಜೆ ಅರ್ಪಿಸಿದೆವು. ಶ್ರೀರಂಗಪಟ್ಟಣದ ಹದಿನೈದು ವರ್ಷಗಳು ನಮಗೆ ಅಂದು ನೆನಪಾದವು. ತೇರಿಲ್ಲ, ಗಾಯನವಿಲ್ಲ, ಪ್ರಸಂಗವಿಲ್ಲ; ಮನೆಯೊಳಗೆ ಉಳಿದದ್ದೆಷ್ಟು? ಕೆಲವು ಮನೆಗಳಲ್ಲಿ ತಂದೆಯೇ ಬೈಬಲ್ ತೆರೆದು ಓದಿ, ಮಕ್ಕಳೊಡನೆ ಜಪ ಮಾಡಿದುದನ್ನು ಬಳಿಕ ಕೇಳಿ ಸಂತೋಷಪಟ್ಟೆವು. ಇನ್ನು ಕೆಲವು ಮನೆಗಳಲ್ಲಿ ಬೈಬಲ್ ಎಲ್ಲಿದೆಯೆಂದು ಹುಡುಕಬೇಕಾಯಿತು. ಬಾಗಿಲು ತೆರೆದ ಮೇಲೂ ಕೆಲವರು ಮರಳಿ ಬರಲೇ ಇಲ್ಲ. ತಪ್ಪು ಅವರದು ಮಾತ್ರವೆಂದು ನಾವು ಹೇಳುವುದಿಲ್ಲ. ನಾವು ಅವರಿಗೆ ಹಬ್ಬ ಮಾಡುವುದನ್ನು ಕಲಿಸಿದೆವು. ಗುರುವಿಲ್ಲದ ದಿನ ದೇವರೊಡನೆ ಮಾತನಾಡುವುದನ್ನು ಕಲಿಸಲಿಲ್ಲ. ಕಟ್ಟಡದ ರಿಪೇರಿಗೆ ಹಣ ಕೂಡಿಸಲು ಮನೆಮನೆ ಸುತ್ತಿದಷ್ಟು, ಮನೆಯ ಜಪವನ್ನು ಕುರಿತು ಕೇಳಲು ಸುತ್ತಲಿಲ್ಲ. ಪುಸ್ತಕ ನೋಡಿ ಪ್ರಾರ್ಥಿಸಿ, ಪುಸ್ತಕ ಮುಚ್ಚಿದೊಡನೆ ಪ್ರಾರ್ಥನೆಯನ್ನೂ ಮುಚ್ಚಿದ ದಿನಗಳು ನಮ್ಮ ಬಾಳಿನಲ್ಲಿಯೂ ಉಂಟು. ತೆಳು ಮಣ್ಣು ಬೆಂಚಿನ ಕಡೆಗೆ ಮಾತ್ರ ಇದೆಯೆಂದು ಯಾರೂ ತಿಳಿಯಬಾರದು. ಬಲಿಪೀಠದ ಕಡೆಗೂ ಇದೆ.

ಹಿಂದೆ ನಾವು ಸೇವೆಯಲ್ಲಿದ್ದ ಊರೊಂದರಲ್ಲಿ ಒಬ್ಬ ವಿಧವೆ ತಾಯಿಯಿದ್ದರು. ಒಬ್ಬನೇ ಮಗನಿಗೆ ಕಾಯಿಲೆ. ಮಾಡದ ನೊವೇನವಿಲ್ಲ, ಹೊರದ ಹರಕೆಯಿಲ್ಲ. ಮಗ ಉಳಿಯಲಿಲ್ಲ. ಮುಂದಿನ ಭಾನುವಾರ ಅವರು ಬಾರರೆಂದೇ ನಾವು ತಿಳಿದಿದ್ದೆವು. ಅವರು ತಮ್ಮ ಮಾಮೂಲಿನ ಜಾಗದಲ್ಲಿಯೇ ಇದ್ದರು. ಪೂಜೆ ಮುಗಿದ ಬಳಿಕ ಸಮಾಧಾನ ಹೇಳಲು ಹೋದ ನಮಗೆ ಮಾತು ಹೊರಡಲಿಲ್ಲ. ಅವರೇ, “ಸ್ವಾಮೀ, ಪಕ್ಕದ ಮನೆ ಮಗು ಆಸ್ಪತ್ರೆಲಿದೆ. ನಾಳೆ ಪೂಜೇಲಿ ಅದನ್ನ ನೆನೆಸ್ಕೋತೀರಾ?” ಎಂದು ಕೇಳಿದರು. ಸೆಮಿನರಿಯಲ್ಲಿ ಎಂಟು ವರ್ಷ ಓದಿ ನಮಗೆ ತಿಳಿಯದ ಪಾಠವನ್ನು ಆ ತಾಯಿ ಅಂದು ಕಲಿಸಿದರು. ದೊಡ್ಡ ಸ್ವಾಮಿಯವರು ಕಾಣದೆ ಹೋದ ಮನುಷ್ಯ ಯಾರೆಂದು ಕೇಳಿದರೆ ನಾವು ಅವರನ್ನೇ ತೋರಿಸುತ್ತೇವೆ.

ಮುಂದಿನ ನೂರು ವರ್ಷಕ್ಕೆ

ಆದುದರಿಂದ ಈ ಶತಮಾನೋತ್ಸವದ ನೆನಪಿಗೆ ಗೋಪುರದ ಜೊತೆಗೆ ಇನ್ನು ಮೂರು ಕಾರ್ಯಗಳನ್ನು ಕೈಗೊಳ್ಳೋಣವೆಂದು ಬಿನ್ನವಿಸುತ್ತೇವೆ. ದಿನಕ್ಕೆ ಹತ್ತು ನಿಮಿಷವಾದರೂ ಮನೆಮಂದಿಯೆಲ್ಲ ಕೂಡಿ ಶುಭಸಂದೇಶವನ್ನು ಓದೋಣ. ಟೀವಿ, ಮೊಬೈಲು ಅಷ್ಟು ಹೊತ್ತು ಮೌನವಾಗಿರಲಿ. ಧರ್ಮೋಪದೇಶ ಮಕ್ಕಳಿಗೆ ಮಾತ್ರವೆಂಬ ಭ್ರಮೆಯನ್ನು ಬಿಟ್ಟು, ತಪಸ್ಸು ಕಾಲದಲ್ಲಿ ವಾರಕ್ಕೊಂದು ಸಂಜೆ ಹಿರಿಯರೂ ಕುಳಿತು ಕಲಿಯೋಣ. ಮೊದಲು ಕುಳಿತುಕೊಳ್ಳುವವರು ನಾವೇ ಆಗಿರುತ್ತೇವೆ. ಇನ್ನು, ತಿಂಗಳಿಗೊಮ್ಮೆಯಾದರೂ ನಮಗೆ ಯಾವ ಪ್ರತಿಫಲವನ್ನೂ ಕೊಡಲಾರದ ಒಬ್ಬರ ಮನೆಯ ಬಾಗಿಲು ತಟ್ಟೋಣ. ಅವರು ಯಾವ ಜಾತಿಯವರು, ಯಾವ ಧರ್ಮದವರು ಎಂದು ಕೇಳದಿರೋಣ. ವಿಶ್ವಾಸಕ್ಕೆ ಬೇರು ಬಿಡಿಸುವ ಕೆಲಸ ಇಂತಹ ಸಣ್ಣ ನಿತ್ಯಕರ್ಮಗಳಿಂದಲೇ ಆಗುತ್ತದೆ.

ಕೊನೆಯದಾಗಿ ಒಂದು ಮಾತು. ಹಾಸನದ ಸಮೀಪ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ಹಳೆಯ ದೇವಾಲಯವೊಂದು ಪಾಳಾಗಿ ನಿಂತಿದೆ. ದ್ಯುಬುವಾ ಸ್ವಾಮಿಗಳೇ ಅದನ್ನು ಕಟ್ಟಿಸಿದರೆಂದು ಕೆಲವರು ಹೇಳುವುದುಂಟು. ಅದು 1860 ರ ಸುಮಾರಿನ ಕಟ್ಟಡ. ಸ್ವಾಮಿಗಳು 1823 ರಲ್ಲಿಯೇ ಹೊರಟು, 1848 ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡವರು. ಅವರ ಹಿಂದೆ ಬಂದವರೂ, ಅವರಿಂದ ಭರವಸೆಯಿಲ್ಲವೆಂದೆನಿಸಿಕೊಂಡ ಜನರ ಮಕ್ಕಳೂ ಆ ಸೀಮೆಯಲ್ಲಿ ವಿಶ್ವಾಸವನ್ನು ಉಳಿಸಿದರು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಬಂದಾಗ ಊರಿನವರು ಬೇರೆ ನೆಲೆಗಳಿಗೆ ಹೋಗಬೇಕಾಯಿತು. ಮಳೆಗಾಲದಲ್ಲಿ ಆ ದೇವಾಲಯ ನೀರಿನಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಮೇಲೇಳುತ್ತದೆ. ಕಟ್ಟಡ ನೀರಿನ ಪಾಲಾಯಿತು. ಜನ ಹೋದಲ್ಲಿ ಮತ್ತೆ ಜಪಸರ ಹಿಡಿದು ಕುಳಿತರು.

ಅದೇ ಹೇಮಾವತಿಯ ನೀರು ನಾಲೆಯಲ್ಲಿ ಹರಿದು ನಮ್ಮ ಗುಬ್ಬಿ ತಾಲ್ಲೂಕಿನವರೆಗೂ ಬರುತ್ತದೆ. ನಮ್ಮ ತೆಂಗು ಅಡಿಕೆಯ ತೋಟಗಳಿಗೆ ಉಸಿರಾಗುತ್ತದೆ. ಆ ನೀರನ್ನು ಕಂಡಾಗಲೆಲ್ಲ ಶೆಟ್ಟಿಹಳ್ಳಿಯವರನ್ನು ನೆನೆಯಿರಿ. ನಮ್ಮ ದೇವಾಲಯವೂ ಒಂದು ದಿನ ಇಲ್ಲದೇ ಹೋಗಬಹುದು. ಅಂದು ನಮ್ಮ ಮೊಮ್ಮಕ್ಕಳ ಬಳಿ ಉಳಿಯುವುದೇನೆಂಬುದು ಇಂದು ನಮ್ಮ ಕೈಯಲ್ಲಿದೆ.

ಬಿತ್ತಿದ ದೇವರು ಆಳವಾದ ಮಣ್ಣನ್ನೂ ಕರುಣಿಸಲಿ. ಮಾತೆ ಮರಿಯಮ್ಮನವರ ಬಿನ್ನಹದಿಂದ, ಬರುವ ನೂರು ವರ್ಷಗಳಲ್ಲಿ ಈ ಬಾಗಿಲಿನಿಂದ ಒಳಗೆ ಬರುವ ಪ್ರತಿಯೊಬ್ಬರೂ ಹೊಸ್ತಿಲಲ್ಲಿಯೇ ನಿಲ್ಲದೆ ಮನೆಯೊಳಗೆ ಸೇರುವಂತಾಗಲಿ. ಆಮೆನ್.